ವಿದ್ಯಾರ್ಥಿಯ ಸೇವೆ ಮತ್ತು ಅನ್ಯಮತದ ಅತಿಥಿ

ದಾನಕ್ಕೆ ಪಾತ್ರರಾದವರು ಯಾರು ಎಂಬ ಪ್ರಶ್ನೆ ನಮ್ಮ ಶ್ರಾವಕಾಚಾರ ಗ್ರಂಥಗಳಷ್ಟೇ ಪ್ರಾಚೀನವಾದುದು. ಹಿಂದೆ ಈ ಪ್ರಶ್ನೆ ಮನೆಯ ಬಾಗಿಲಲ್ಲಿ, ಮುನಿಗಳ ಆಹಾರದ ಹೊತ್ತಿನಲ್ಲಿ ಹುಟ್ಟುತ್ತಿತ್ತು. ಇಂದು ಅದು ಕಾಲೇಜಿನ ಅಂಗಳದಲ್ಲಿ ಹುಟ್ಟಿ ಟ್ರಸ್ಟಿನ ಸಭೆಗೆ ಬಂದು ನಿಲ್ಲುತ್ತಿದೆ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಾಲೇಜುಗಳಲ್ಲಿ ನಮ್ಮ ಮಕ್ಕಳು ಲಿಂಗಾಯತ, ಮುಸಲ್ಮಾನ, ಕ್ರೈಸ್ತ, ಲಂಬಾಣಿ, ನಾಯಕ ಮನೆತನಗಳ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಾರೆ. ಒಂದೇ ಶಿಬಿರದಲ್ಲಿ ಚರಂಡಿ ತೋಡುತ್ತಾರೆ, ಸಸಿ ನೆಡುತ್ತಾರೆ. ಹಂಪಿಯನ್ನು ನೋಡಲು ಬರುವ ಪರಊರಿನ ವಿದ್ಯಾರ್ಥಿಗಳಿಗೆ ದಾರಿ ತೋರಿಸುತ್ತಾರೆ. ಒಮ್ಮೊಮ್ಮೆ ಅವರೇ ಹಿರಿಯರ ಬಳಿ ಬಂದು, “ನಮ್ಮ ಶಿಬಿರದ ನಲವತ್ತು ಜನಕ್ಕೆ ಎರಡು ರಾತ್ರಿ ಧರ್ಮಶಾಲೆಯನ್ನು ಬಿಟ್ಟುಕೊಡುವಿರಾ?” ಎಂದು ಕೇಳುತ್ತಾರೆ. ಆಗ ಸಭೆಯಲ್ಲಿ ಒಂದು ಕ್ಷಣ ಮೌನ. ಬಳಿಕ ಯಾರಾದರೂ ಮೆಲ್ಲಗೆ ಕೇಳುವ ಮಾತು ಒಂದೇ: “ಎಲ್ಲ ಮತದವರೂ ಇರುತ್ತಾರಲ್ಲವೆ?”

ಈ ಮಾತನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಕೇಳಿದವರ ಹಿಂದೆ ಒಂದು ಶಾಸ್ತ್ರವಿದೆ, ಒಂದು ಆಚಾರವಿದೆ, ಅಡುಗೆಮನೆಯ ಶುದ್ಧಿಯನ್ನು ಐವತ್ತು ವರ್ಷ ಕಾಪಾಡಿಕೊಂಡು ಬಂದ ಅಜ್ಜಿಯರ ಶ್ರಮವಿದೆ. ಆದುದರಿಂದ ಪ್ರಶ್ನೆಯನ್ನು ಗೌರವದಿಂದಲೇ ಎತ್ತಿಕೊಂಡು ವಿಚಾರ ಮಾಡಬೇಕು.

ಶಾಸ್ತ್ರವು ಹೇಳುವುದೇನು? ಪಾತ್ರರಲ್ಲಿ ಮೂರು ತರಗತಿಗಳು: ಮುನಿಗಳು ಉತ್ತಮ ಪಾತ್ರರು, ವ್ರತಧಾರಿಗಳಾದ ಶ್ರಾವಕರು ಮಧ್ಯಮ ಪಾತ್ರರು, ವ್ರತವಿಲ್ಲದಿದ್ದರೂ ಸಮ್ಯಗ್ದರ್ಶನವುಳ್ಳವರು ಜಘನ್ಯ ಪಾತ್ರರು. ಸಮ್ಯಕ್ತ್ವವಿಲ್ಲದೆ ಕೇವಲ ವ್ರತಾಚರಣೆ ಮಾಡುವವರನ್ನು ಕುಪಾತ್ರರೆಂದೂ ಎರಡೂ ಇಲ್ಲದವರನ್ನು ಅಪಾತ್ರರೆಂದೂ ಕರೆದಿದ್ದಾರೆ. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದವರಿಗೆ ಅನ್ಯಮತದ ವಿದ್ಯಾರ್ಥಿಯ ಸ್ಥಾನ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅದೇ ಆಚಾರ್ಯರು ಕರುಣಾದಾನವೆಂಬ ಇನ್ನೊಂದು ಬಾಗಿಲನ್ನು ತೆರೆದಿಟ್ಟಿದ್ದಾರೆ. ಹಸಿದವನು, ರೋಗಿ, ಹೆದರಿದವನು ಬಂದಾಗ ಪಾತ್ರಾಪಾತ್ರ ವಿಚಾರವೇ ಸಲ್ಲದು. ನಮ್ಮ ಟ್ರಸ್ಟುಗಳ ಬಹುಪಾಲು ಔದಾರ್ಯ ಈ ಬಾಗಿಲಿನಿಂದಲೇ ಹೊರಗೆ ಹೋಗುತ್ತದೆ: ಪ್ರವಾಹದ ವರ್ಷ ಅಕ್ಕಿ, ಬೇಸಿಗೆಯಲ್ಲಿ ಅರವಟ್ಟಿಗೆ, ಕಣ್ಣಿನ ಶಿಬಿರ, ಶಾಲೆಯ ಪುಸ್ತಕ.

ಆದರೆ ಶಿಬಿರಕ್ಕೆ ಬರುವ ವಿದ್ಯಾರ್ಥಿ ದೀನನಲ್ಲ. ಅವನು ಹಸಿದು ಬಂದವನಲ್ಲ, ಜೊತೆಯವನಾಗಿ ಬಂದವನು. ಅವನನ್ನು ಕರುಣೆಯ ಬಾಗಿಲಿನಿಂದ ಒಳಗೆ ಕರೆದರೆ ಅವನಿಗೂ ಅವಮಾನ, ಕರೆದವರಿಗೂ ಅಹಂಕಾರ. ಹಾಗಾದರೆ ಯಾವ ಬಾಗಿಲು? ಈ ಲೇಖನದ ವಿಷಯ ಅದೇ.

ನಮ್ಮ ನಾಲ್ಕು ಊರುಗಳ ಮಣ್ಣಿಗೆ ಇದು ಹೊಸ ಪ್ರಶ್ನೆಯಲ್ಲ. ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವ ದಾರಿಯಲ್ಲಿ ನಿಂತಿರುವ ಗಾಣಗಿತ್ತಿ ಜಿನಾಲಯವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗಪ್ಪನು 1385-86ರಲ್ಲಿ ಕಟ್ಟಿಸಿದ ಕುಂಥುನಾಥ ಚೈತ್ಯಾಲಯವದು. ಮುಂದಿನ ಕಂಬದ ಮೇಲಿನ ಸಂಸ್ಕೃತ ಶಾಸನ ಇದಕ್ಕೆ ಸಾಕ್ಷಿ. (ಹೇಮಕೂಟದ ಮೇಲಿನ ಮೆಟ್ಟಿಲು ಶಿಖರದ ಗುಡಿಗಳನ್ನೂ ಜೈನರದೆಂದು ಹೇಳುವ ಮಾರ್ಗದರ್ಶಿಗಳಿದ್ದಾರೆ. ಅವು ಶೈವ ಗುಡಿಗಳು. ನಮ್ಮದಲ್ಲದ್ದನ್ನು ನಮ್ಮದೆನ್ನುವ ಅಗತ್ಯ ನಮಗಿಲ್ಲ.) ಎರಡನೆಯ ದೇವರಾಯನು 1426ರಲ್ಲಿ ಎಲೆ ಅಡಿಕೆಯ ಪೇಟೆಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದನು. ಅದೇ ಅರಸನ ಕಾಲದಲ್ಲಿ, 1439ರಲ್ಲಿ, ಅವನ ಸೇವೆಯಲ್ಲಿದ್ದ ಅಹಮದ್ ಖಾನನು ಹಂಪಿಯಲ್ಲಿ ಒಂದು ಕಟ್ಟಡವನ್ನೂ ಬಾವಿಯನ್ನೂ ಮಾಡಿಸಿ ಅದರ ಪುಣ್ಯ ದೇವರಾಯನಿಗೆ ಸಲ್ಲಲೆಂದು ಬರೆಸಿದನು. ಇಂದು ನಾವು ಮಸೀದಿಯೆನ್ನುವ ಆ ಕಟ್ಟಡವನ್ನು ಕನ್ನಡ ಶಾಸನವು ಧರ್ಮಶಾಲೆಯೆಂದೇ ಕರೆಯುತ್ತದೆ. ಮುಸಲ್ಮಾನನೊಬ್ಬನು ತನ್ನ ಪ್ರಾರ್ಥನೆಯ ಸ್ಥಳಕ್ಕೆ ನಮ್ಮ ಶಬ್ದವನ್ನಿಟ್ಟುಕೊಂಡು ಅದರ ಪುಣ್ಯವನ್ನು ಅನ್ಯಮತದ ಒಡೆಯನಿಗೆ ಅರ್ಪಿಸಿದ್ದಾನೆ. ಪರರ ಪುಣ್ಯ ನಮಗೆ ಸಂದೀತೆ ಎಂಬ ಕರ್ಮಸಿದ್ಧಾಂತದ ತಕರಾರು ಇಲ್ಲಿ ಬೇಡ. ಭಾವವನ್ನು ಗಮನಿಸಿದರೆ ಸಾಕು.

ಬುಕ್ಕರಾಯನ 1368ರ ಒಡಂಬಡಿಕೆಯನ್ನು ನಾವು ಪ್ರತಿ ಸಮಾರಂಭದಲ್ಲಿಯೂ ಕೇಳುತ್ತೇವೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ತಮಗೆ ಶ್ರೀವೈಷ್ಣವರಿಂದ ಆಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡಾಗ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನೆಂದೂ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಉಂಟೆಂದು ಸಾರಿದನೆಂದೂ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಭಾಷಣಕಾರರು ಇಲ್ಲಿಗೆ ನಿಲ್ಲಿಸುತ್ತಾರೆ. ಶಾಸನದ ಮುಂದಿನ ಭಾಗವೇ ನನಗೆ ಹೆಚ್ಚು ಮುಖ್ಯವೆಂದು ತೋರುತ್ತದೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದನ್ನು ತಿರುಮಲೆಯ ತಾತಯ್ಯನು ನೋಡಿಕೊಂಡು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಿಂದ ಹಾಳಾದ ಜಿನಾಲಯಗಳನ್ನು ದುರಸ್ತಿ ಮಾಡಿಸಿ ಸುಣ್ಣ ಬಳಿಸಬೇಕು. ಹಣ ಜೈನರದು, ಹೊಣೆ ವೈಷ್ಣವರದು. ಕೈಗೆ ಕೈ ಸೇರಿಸಿದ ಮೇಲೆ ಆ ಕೈಗೆ ಕೆಲಸವನ್ನೂ ಕೊಟ್ಟರು! ಕೊನೆಗೆ ಅರಸನಿಗೆ ಬಿನ್ನಹ ಮಾಡಿದ್ದ ಕಲ್ಲೆಹದ ಬಸುವಿಸೆಟ್ಟಿಗೆ ಎರಡೂ ಸಮಯದವರು ಕೂಡಿ ಸಂಘನಾಯಕ ಪದವಿಯನ್ನು ಕಟ್ಟಿದರು. ನಾಯಕತ್ವವೆಂಬುದು ತನ್ನವರು ಮಾತ್ರ ಕೊಡುವ ಪದವಿಯಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಕನ್ನಡ ಉದಾಹರಣೆ ನನಗೆ ತಿಳಿಯದು.

ಇನ್ನು ಕಂಪ್ಲಿಗೆ ಬರೋಣ. ಅಲ್ಲಿಯ ಕಥೆ ಸುಖಕರವಲ್ಲ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪನು ಕಂಪಿಲರಾಯನ ಮೊರೆಹೊಕ್ಕನು. ದಿಲ್ಲಿಯ ಸೈನ್ಯ ಬೆನ್ನಟ್ಟಿ ಬಂದಿತು. ಶರಣಾಗತನನ್ನು ಒಪ್ಪಿಸಿದ್ದರೆ ಕಂಪಿಲಿ ಉಳಿಯುತ್ತಿತ್ತೇನೋ. ರಾಯನು ಒಪ್ಪಿಸಲಿಲ್ಲ. ಕೋಟೆಯಲ್ಲಿ ಇನ್ನು ಉಳಿಗಾಲವಿಲ್ಲವೆಂದು ಕಂಡಾಗ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ಕಳುಹಿಸಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಮೇಲೆ ತಾನು ಹೋರಾಡಿ ಸತ್ತನು. ಇದು ನಡೆದುದು 1327ರಲ್ಲಿ. ಬಲ್ಲಾಳನು ಆ ಅತಿಥಿಯನ್ನು ಸುಲ್ತಾನನವರಿಗೆ ಒಪ್ಪಿಸಿ ತನ್ನ ರಾಜ್ಯವನ್ನು ಉಳಿಸಿಕೊಂಡನು. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನು ಈ ವೃತ್ತಾಂತವನ್ನು ಬರೆದಿಟ್ಟಿದ್ದಾನೆ.

ನಮ್ಮ ಶಾಸ್ತ್ರದ ನಾಲ್ಕು ದಾನಗಳಲ್ಲಿ, ಎಂದರೆ ಆಹಾರ, ಔಷಧ, ಶಾಸ್ತ್ರ, ಅಭಯಗಳಲ್ಲಿ, ಅಭಯದಾನದ ಹಿರಿಮೆಯನ್ನು ಎಲ್ಲರೂ ಹೊಗಳಿದ್ದಾರೆ. ಅನ್ಯಮತದ ಅತಿಥಿಗೆ ಅಭಯವಿತ್ತು ಪ್ರಾಣವನ್ನೇ ತೆತ್ತ ಕಂಪಿಲರಾಯನನ್ನು ಯಾರು ತಾನೆ ಮೆಚ್ಚರು? ಆದರೂ ಒಂದು ಪ್ರಶ್ನೆ ಮುಳ್ಳಿನಂತೆ ಉಳಿಯುತ್ತದೆ. ಅವನು ತೆತ್ತದ್ದು ತನ್ನ ಪ್ರಾಣವನ್ನು ಮಾತ್ರವೆ? ಬೆಂಕಿಗೆ ಬಿದ್ದ ಹೆಂಗಸರನ್ನು, ಸೆರೆಯಾದ ಮಕ್ಕಳನ್ನು, ಊರು ಬಿಟ್ಟು ಓಡಿದ ಒಕ್ಕಲಿಗರನ್ನು ಯಾರು ಕೇಳಿದರು? ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ದಾನವನ್ನು ವಿವರಿಸುವಾಗ, ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದೇ ದಾನವೆನ್ನುತ್ತಾರೆ. ‘ತನ್ನದು’ ಎಂಬ ಆ ಒಂದು ಶಬ್ದವನ್ನು ನಾವು ಓದಿಯೂ ಓದದೆ ಮುಂದೆ ಹೋಗುತ್ತೇವೆ. ಪರರದನ್ನು ಕೊಟ್ಟರೆ ಅದು ದಾನವಾಗದು. ಅರಸನಿಗೆ ಪ್ರಜೆಗಳ ಪ್ರಾಣ ‘ತನ್ನದು’ ಆಗುತ್ತದೆಯೆ? ಬಲ್ಲಾಳನನ್ನು ಹೇಡಿಯೆಂದು ಜರೆಯುವ ಮುನ್ನ ಅವನ ಪ್ರಜೆಗಳಲ್ಲೊಬ್ಬನಾಗಿ ಒಂದು ಗಳಿಗೆ ನಿಂತು ನೋಡಬೇಕು. ನಾನು ಇಬ್ಬರಲ್ಲಿ ಕಂಪಿಲರಾಯನ ಕಡೆಗೇ ಒಲಿಯುತ್ತೇನೆ. ಶರಣು ಬಂದವನನ್ನು ಕೊಲೆಗೆ ಒಪ್ಪಿಸುವುದು ಹಿಂಸೆಗೆ ನೇರವಾಗಿ ಕೈಗೂಡಿಸಿದಂತೆ. ಆದರೆ ಒಲಿದ ಮಾತ್ರಕ್ಕೆ ಲೆಕ್ಕ ಮುಗಿಯಿತೆಂದು ಹೇಳಲಾರೆ.

ಕಾಲೇಜಿನ ಹುಡುಗನಿಗೂ ಕಂಪಿಲರಾಯನಿಗೂ ಏನು ಸಂಬಂಧವೆಂದು ವಾಚಕರು ನಗಬಹುದು. ಸಂಬಂಧ ಇಷ್ಟೇ: ನಾಯಕನಾದವನು ನೀಡುವ ಆತಿಥ್ಯವನ್ನು ಬಹುಮಟ್ಟಿಗೆ ಬೇರೆಯವರ ಕೈಗಳು ಮಾಡುತ್ತವೆ. ಶಿಬಿರದ ಮುಂದಾಳು ಉತ್ಸಾಹದಿಂದ “ನಲವತ್ತಲ್ಲ, ಅರವತ್ತು ಜನ ಬನ್ನಿ” ಎನ್ನುತ್ತಾನೆ. ಭೋಜನಶಾಲೆಯ ಅಡುಗೆಯಮ್ಮನನ್ನು ಯಾರೂ ಕೇಳಿರುವುದಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ನಾದುವವಳು ಅವಳು, ರಾತ್ರಿ ಪಾತ್ರೆ ಬೆಳಗುವವಳು ಅವಳು. ಸಮಾರೋಪದ ದಿನ ಹಾರ ಬೀಳುವುದು ಮಾತ್ರ ಮುಂದಾಳುವಿನ ಕೊರಳಿಗೆ, ಟ್ರಸ್ಟಿನ ಅಧ್ಯಕ್ಷರ ಕೊರಳಿಗೆ. ಅಡುಗೆಯವಳ ನಿದ್ದೆಯನ್ನು ದಾನ ಮಾಡಿ ಪುಣ್ಯವನ್ನು ನಾವು ಬರೆದುಕೊಂಡೆವು.

ವಿದ್ಯಾರ್ಥಿಗೆ ‘ತನ್ನದು’ ಎಂಬುದು ಏನಿದೆ? ಹಣ ತಂದೆಯದು, ಕಟ್ಟಡ ಟ್ರಸ್ಟಿನದು, ಅಕ್ಕಿ ದಾನಿಗಳದು. ಅವನದಾಗಿ ಇರುವುದು ಮೈಯ ಬಲ, ಹೊತ್ತು, ನಿದ್ದೆ, ತಾಳ್ಮೆ. ಆದ್ದರಿಂದ ಅವನ ದಾನ ಶ್ರಮದ ರೂಪದಲ್ಲಿಯೇ ಇರಬೇಕಾಗುತ್ತದೆ. ನಮ್ಮ ಆಚಾರ್ಯರು ಇದನ್ನು ವೈಯಾವೃತ್ತ್ಯವೆಂದು ಕರೆದು ಆರು ಅಂತರಂಗ ತಪಸ್ಸುಗಳಲ್ಲಿ ಒಂದನ್ನಾಗಿ ಎಣಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತಕ್ಕೆ ಇದೇ ಹೆಸರನ್ನು ಕೊಟ್ಟಿದ್ದಾರೆ. ವೈಯಾವೃತ್ತ್ಯಕ್ಕೆ ಅರ್ಹರಾದ ಹತ್ತು ಬಗೆಯ ಸಾಧುಗಳಲ್ಲಿ ರೋಗಪೀಡಿತನಾದ ‘ಗ್ಲಾನ’ನ ಜೊತೆಗೆ ಕಲಿಯುತ್ತಿರುವ ‘ಶೈಕ್ಷ’ನೂ ಇದ್ದಾನೆ. ಕಲಿಯುವವನಿಗೂ ಸೇವೆ ಬೇಕು, ಅವನ ಕಲಿಕೆಯೂ ಒಂದು ಬಗೆಯ ಬಲಹೀನ ಸ್ಥಿತಿಯೇ ಎಂಬ ಈ ನೋಟ ಬಹಳ ಸೂಕ್ಷ್ಮವಾದುದು.

ರಾಷ್ಟ್ರೀಯ ಸೇವಾ ಯೋಜನೆಯ ಹುಟ್ಟಿಗೂ ನಮ್ಮ ಸೀಮೆಗೂ ನಂಟಿದೆಯೆಂಬುದನ್ನು ಇಂದಿನ ಮಕ್ಕಳಿಗೆ ಯಾರೂ ಹೇಳಿದಂತಿಲ್ಲ. ಗಾಂಧೀ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಇದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು ಆಗ ಬಳ್ಳಾರಿ ಕ್ಷೇತ್ರದಿಂದ ಆರಿಸಿಹೋದ ಲೋಕಸಭಾ ಸದಸ್ಯರು. ಆ ಕಾಲಕ್ಕೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ನಾಲ್ಕೂ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿಗಳು ಅಲ್ಲಿಗೆ ಹೋದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಏಳು ದಿನಗಳ ಶಿಬಿರ, “ನನಗಲ್ಲ, ನಿನಗೆ” ಎಂಬ ಧ್ಯೇಯವಾಕ್ಯ. ಕೊನೆಗೆ ಒಂದು ಪ್ರಮಾಣಪತ್ರ.

ಈ ಪ್ರಮಾಣಪತ್ರದ ವಿಷಯದಲ್ಲಿ ನಮ್ಮ ಶಾಸ್ತ್ರಕ್ಕೆ ಒಂದು ತಕರಾರಿದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿ. ಫಲವನ್ನು ಮುಂದಿಟ್ಟುಕೊಂಡು ಮಾಡುವ ಒಳ್ಳೆಯ ಕೆಲಸ ನಿದಾನಶಲ್ಯ, ಮೈಯೊಳಗೆ ಮುರಿದುಳಿದ ಮುಳ್ಳು. ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗಲೆಂದು ಹಳ್ಳಿಗೆ ಹೋದವನ ಸೇವೆ ಸೇವೆಯೆ? ಕೆಲವರು ಅಲ್ಲವೆಂದು ಖಂಡಿತವಾಗಿ ಹೇಳಿಬಿಡುತ್ತಾರೆ. ನಾನು ಅಷ್ಟು ಬೇಗ ತೀರ್ಪು ಕೊಡಲಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ದಾನದ ಅನುಗ್ರಹವು ತನಗೂ ಪರರಿಗೂ ಆಗುವ ಉಪಕಾರವೆಂದು ಬಿಡಿಸಿ ಹೇಳಿದ್ದಾರೆ. ಕೊಡುವವನು ಬೆಳೆಯುವುದು ದೋಷವಲ್ಲ. ಹದಿನೆಂಟರ ಹುಡುಗಿಯೊಬ್ಬಳು ಮೊದಲ ದಿನ ಪ್ರಮಾಣಪತ್ರಕ್ಕಾಗಿಯೇ ಬಂದಿರಬಹುದು. ಸಂಡೂರಿನ ಗುಡ್ಡದ ಸೆರಗಿನ ಹಳ್ಳಿಯಲ್ಲಿ ಅದಿರಿನ ಲಾರಿಗಳ ಕೆಂಧೂಳು ಹೊದ್ದ ಮನೆಯೊಂದರಲ್ಲಿ ಕೆಮ್ಮುವ ಮುದುಕಿಗೆ ಔಷಧ ಕುಡಿಸಿ, ಮಾರನೆಯ ದಿನ ಯಾರೂ ಹೇಳದೆಯೇ ಅವಳು ಅದೇ ಮನೆಗೆ ಹೋದರೆ, ಮುಳ್ಳು ತಾನಾಗಿ ಹೊರಗೆ ಬಂದಂತೆ. ಬಾರದಿದ್ದವರೂ ಇದ್ದಾರೆ. ಅವರಿಂದಲೂ ಮುದುಕಿಗೆ ಔಷಧವಂತೂ ದೊರೆಯಿತು.

ಸೇವೆಯ ಜೊತೆಗೆ ಸಹವಾಸವನ್ನೂ ಹೊಂದಿಸಿದ ಜೈನ ಮಹನೀಯರೊಬ್ಬರನ್ನು ಇಲ್ಲಿ ನೆನೆಯಬೇಕು. ಕರ್ಮವೀರ ಭಾವೂರಾವ್ ಪಾಟೀಲರು 1887ರಲ್ಲಿ ಕೊಲ್ಹಾಪುರದ ಸೀಮೆಯ ಕುಂಭೋಜದಲ್ಲಿ ಹುಟ್ಟಿದವರು. ಅವರ ಪೂರ್ವಿಕರು ನಮ್ಮ ಮೂಡುಬಿದಿರೆಯ ಕಡೆಯವರೆಂದು ಹೇಳುತ್ತಾರೆ. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ ಅಸ್ಪೃಶ್ಯರೆನಿಸಿಕೊಂಡವರ ವಿದ್ಯಾರ್ಥಿನಿಲಯದ ಸಮಾರಂಭಕ್ಕೆ ಹೋಗಿ ಬಂದರೆಂದೂ, ಸ್ನಾನ ಮಾಡಿ ಒಳಗೆ ಬರಬೇಕೆಂದಾಗ ಒಪ್ಪದೆ ಬೋರ್ಡಿಂಗನ್ನೇ ಬಿಡಬೇಕಾಯಿತೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ಅದೇ ಹುಡುಗ ಬೆಳೆದು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಮತಗಳ ಮಕ್ಕಳು ಕೂಡಿ ಇರುವ, ತಾವೇ ಅಡುಗೆ ಮಾಡಿಕೊಳ್ಳುವ ವಿದ್ಯಾರ್ಥಿನಿಲಯವನ್ನು ತೆರೆದರು. 1927ರಲ್ಲಿ ಗಾಂಧೀಜಿಯವರು ಅದಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು. ಸಂಡೂರಿನ ಸಂಸ್ಥಾನದಲ್ಲಿಯೂ 1930ರ ದಶಕದ ಆರಂಭದಲ್ಲಿಯೇ ದೇವಾಲಯಗಳ ಬಾಗಿಲು ಹರಿಜನರಿಗೆ ತೆರೆಯಿತು. 1934ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದಿದ್ದರು. ಆದರೆ ಅರಸನು ಬಾಗಿಲು ತೆರೆಸುವುದು ಬೇರೆ, ಬೋರ್ಡಿಂಗಿನ ಹುಡುಗನೊಬ್ಬ ಬಾಗಿಲ ಹೊರಗೆ ನಿಂತುಬಿಡುವುದು ಬೇರೆ. ಎರಡನೆಯದಕ್ಕೆ ಬೆಲೆ ತೆತ್ತವನು ತಾನೇ. ಅದು ಪೂರ್ಣವಾಗಿ ‘ತನ್ನದು’.

ಭಾವೂರಾವ್ ಅವರ ಉದಾಹರಣೆಯನ್ನು ಹಿಡಿದು, ಆಚಾರವೆಲ್ಲ ಅಡ್ಡಿಯೇ, ಎಲ್ಲವನ್ನೂ ಬಿಟ್ಟರಾಯಿತು ಎನ್ನುವವರೂ ಇದ್ದಾರೆ. ಅನೇಕಾಂತವೆಂದರೆ ಎಲ್ಲ ಮತಗಳೂ ಒಂದೇ ಎಂದರ್ಥವೆಂದು ವೇದಿಕೆಯ ಮೇಲೆ ಹೇಳುವುದನ್ನೂ ಕೇಳುತ್ತೇವೆ. ಅದು ಅನೇಕಾಂತವಲ್ಲ, ಆಲಸ್ಯ. ಮನುಷ್ಯನನ್ನು ಮುಟ್ಟಬಾರದೆಂಬ ನಿಯಮ ಒಂದು ಜಾತಿಯದು. ಜೀವವನ್ನು ನೋಯಿಸಬಾರದೆಂಬ ನಿಯಮ ಇನ್ನೊಂದು ಜಾತಿಯದು. ಮೊದಲನೆಯದನ್ನು ಬಿಡಬೇಕು, ಎರಡನೆಯದನ್ನು ಬಿಡಲಾಗದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ರಜಾಕನಿಗೆ ದೇವರಾಯನು ದಿನವೂ ಅಕ್ಕಿ, ಬೆಣ್ಣೆ, ಸಕ್ಕರೆ, ಹೊನ್ನುಗಳ ಜೊತೆಗೆ ಕುರಿ, ಕೋಳಿಗಳನ್ನೂ ಕಳುಹಿಸುತ್ತಿದ್ದನಂತೆ. ಅತಿಥಿಯ ರೂಢಿಗೆ ತಕ್ಕಂತೆ ಕೊಟ್ಟನು. ನಾವು ಹಾಗೆ ಕೊಡಲಾರೆವು, ಕೊಡಬೇಕಾಗಿಯೂ ಇಲ್ಲ. ನಮ್ಮ ಅಂಗಳದಲ್ಲಿ ಏನು ಬೇಯುತ್ತದೆ, ಏನು ಬೇಯುವುದಿಲ್ಲವೆಂಬುದನ್ನು ಮೊದಲೇ ನಗುಮುಖದಿಂದ ಹೇಳಿದರೆ ಯಾವ ಮತದ ವಿದ್ಯಾರ್ಥಿಯೂ ಬೇಸರಪಡುವುದನ್ನು ನಾನು ಕಂಡಿಲ್ಲ. ಮುಚ್ಚುಮರೆ ಮಾಡಿ, ಬಂದಮೇಲೆ ಮುಖ ಗಂಟಿಕ್ಕಿದಾಗಲೇ ಬೇಸರ ಹುಟ್ಟುವುದು.

ನಿಜವಾದ ಕಷ್ಟ ಎದುರಾಗುವುದು ಸೂರ್ಯಾಸ್ತದ ಹೊತ್ತಿಗೆ. ರಂಜಾನ್ ತಿಂಗಳಲ್ಲಿ ಶಿಬಿರ ನಡೆದಿದೆಯೆಂದು ಇಟ್ಟುಕೊಳ್ಳೋಣ. ನಮ್ಮ ಭೋಜನಶಾಲೆ ಸೂರ್ಯ ಮುಳುಗುವ ಮುನ್ನ ಮುಚ್ಚುತ್ತದೆ. ರಾತ್ರಿಭೋಜನ ತ್ಯಾಗ ನಮ್ಮ ಆಚಾರದ ಗುರುತು. ರೋಜಾ ಹಿಡಿದ ಮುಸಲ್ಮಾನ ವಿದ್ಯಾರ್ಥಿಯು ಸೂರ್ಯ ಮುಳುಗಿದ ಮೇಲೆಯೇ ನೀರು ಮುಟ್ಟುತ್ತಾನೆ. ಒಂದೇ ಸೂರ್ಯ, ಒಬ್ಬರಿಗೆ ಬಾಗಿಲು ಮುಚ್ಚುವ ಗಳಿಗೆ, ಇನ್ನೊಬ್ಬರಿಗೆ ತೆರೆಯುವ ಗಳಿಗೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಕ್ರಿಯೆಗೆ ಮೂರು ಮುಖಗಳನ್ನು ಹೇಳಿದ ಧರ್ಮ ನಮ್ಮದು. ರಾತ್ರಿ ಉಣ್ಣುವವನಿಗೆ ಉಣಬಡಿಸಿದರೆ ಮಾಡಿಸಿದ ದೋಷ ತಟ್ಟದೆ?

ಈ ಶಂಕೆಯನ್ನು ಹಗುರವಾಗಿ ಕಾಣಬಾರದು. ಮಹಾವ್ರತಿಗಳಿಗೆ ಮೂರೂ ಮುಖಗಳ ತ್ಯಾಗ ವಿಧಿ. ಗೃಹಸ್ಥನು ಮಾತ್ರ ತನ್ನ ವ್ರತದ ಎಲ್ಲೆಯನ್ನು ತಾನು ಗೊತ್ತುಮಾಡಿಕೊಂಡು ಹಿಡಿಯುವವನು. ಆರನೆಯ ಪ್ರತಿಮೆಯವರೆಗೆ ಏರಿದವನಿಗೂ, ಹೊಸದಾಗಿ ನಿಯಮ ಹಿಡಿದ ವಿದ್ಯಾರ್ಥಿಗೂ ಒಂದೇ ಅಳತೆಯಿಲ್ಲ. ರಾತ್ರಿ ಒಲೆ ಹೊತ್ತಿಸಿ ಅಡುಗೆ ಮಾಡಿಸುವುದು ಒಂದು. ಹಗಲಿನಲ್ಲಿಯೇ ಸೋಸಿ ಮುಚ್ಚಿಟ್ಟ ನೀರನ್ನೂ, ಖರ್ಜೂರವನ್ನೂ, ಬಾಳೆಹಣ್ಣನ್ನೂ ಅತಿಥಿಯ ವಶಕ್ಕೆ ಸೂರ್ಯಾಸ್ತಕ್ಕೆ ಮೊದಲೇ ಒಪ್ಪಿಸಿಬಿಡುವುದು ಇನ್ನೊಂದು. ಒಪ್ಪಿಸಿದ ಮೇಲೆ ಅದು ಅವನದು. ಅವನ ವ್ರತದಂತೆ ಅವನು ಸ್ವೀಕರಿಸುತ್ತಾನೆ. ಒಲೆಯೂ ಹೊತ್ತಲಿಲ್ಲ, ಅತಿಥಿಯೂ ಬರಿಗಂಟಲಲ್ಲಿ ಕುಳಿತಿರಲಿಲ್ಲ. ಕಟ್ಟುನಿಟ್ಟಿನವರಿಗೆ ಇದೂ ಸಾಲದೆಂದು ತೋರಿದರೆ ಅವರೊಡನೆ ನನಗೆ ಜಗಳವಿಲ್ಲ; ಅವರು ತಮ್ಮ ಮಟ್ಟಿಗೆ ದೂರವಿರಲಿ, ಹುಡುಗರು ಮಾಡಲಿ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರವೂ ಈ ಸೂರ್ಯಾಸ್ತದಲ್ಲಿಯೇ ಸಿಕ್ಕುತ್ತದೆ. ತತ್ತ್ವಾರ್ಥಸೂತ್ರವು ನಾಲ್ಕು ಭಾವನೆಗಳನ್ನು ಹೇಳುತ್ತದೆ: ಸಮಸ್ತ ಜೀವಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಹೇಳಿದರೂ ಕೇಳದವರಲ್ಲಿ ಮಾಧ್ಯಸ್ಥ್ಯ. 2018, 2019ರಲ್ಲಿ ರಂಜಾನ್ ಬಂದುದು ಮೇ ತಿಂಗಳಿನಲ್ಲಿ. ಹಂಪಿಯ ಬಂಡೆಗಳು ಕಾದು ಕಾವಲಿಯಾಗುವ ಆ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ತೊಟ್ಟು ನೀರನ್ನೂ ಮುಟ್ಟದವನನ್ನು ಕಂಡಾಗ ನಮ್ಮಲ್ಲಿ ಹುಟ್ಟಬೇಕಾದುದು ಕರುಣೆಯಲ್ಲ, ಪ್ರಮೋದ. ದಶಲಕ್ಷಣ ಪರ್ವದಲ್ಲಿ, ಪರ್ಯೂಷಣದಲ್ಲಿ ಉಪವಾಸ ಮಾಡಿದ ಮಗಳಿಗೆ ಅವನ ಬಾಯಾರಿಕೆ ಎಷ್ಟು ಚೆನ್ನಾಗಿ ಗೊತ್ತು! ಪಂಡಿತರು ಇಲ್ಲಿ ತಡೆಯಬಹುದು. ಗುಣಾಧಿಕರೆಂದರೆ ಸಮ್ಯಗ್ಜ್ಞಾನಾದಿ ಗುಣಗಳಿಂದ ಹಿರಿಯರಾದವರೆಂದು ವ್ಯಾಖ್ಯಾನವಿದೆಯಲ್ಲ ಎನ್ನಬಹುದು. ವ್ಯಾಖ್ಯಾನವಿರುವುದು ನ್ಯಾಯವೇ. ಆದರೆ ಇನ್ನೊಬ್ಬರ ಅಂತರಂಗದ ಸಮ್ಯಕ್ತ್ವವನ್ನು ಅಳೆಯುವ ಕೋಲು ಗೃಹಸ್ಥನ ಕೈಯಲ್ಲಿಲ್ಲ. ನಮ್ಮ ಮನೆಯವರದನ್ನೇ ಅಳೆಯಲಾರೆವು. ಕಣ್ಣಿಗೆ ಕಾಣುವುದು ಇಂದ್ರಿಯನಿಗ್ರಹ, ಹೇಳಿದ ಮಾತಿಗೆ ತಪ್ಪದ ನಡತೆ. ಅಷ್ಟಕ್ಕೆ ಸಂತೋಷಪಡುವುದರಿಂದ ಯಾವ ಸಿದ್ಧಾಂತಕ್ಕೂ ಹಾನಿಯಿಲ್ಲವೆಂದು ನನ್ನ ನಂಬಿಕೆ. ಶಿಬಿರದ ಜೊತೆಗಾರನಿಗೆ ತೆರೆಯಬೇಕಾದ ಬಾಗಿಲು ಪ್ರಮೋದದ್ದು.

ಅತಿಥೇಯನಾಗುವುದಕ್ಕಿಂತ ಅತಿಥಿಯಾಗುವುದು ಕಷ್ಟವೆಂಬುದನ್ನೂ ಮಕ್ಕಳು ಕಲಿಯಬೇಕಾಗುತ್ತದೆ. ಕೊಡುವವನ ಕೈ ಮೇಲೆ, ಅವನಿಗೆ ಮದ ಸುಲಭ. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ದೇವರ ಮುಂದೆ ಕುಣಿಯುವವರಲ್ಲಿ ಹಿಂದೂಗಳೂ ಇರುತ್ತಾರೆ. ಮಠಗಳ ದಾಸೋಹದಲ್ಲಿ ಯಾರ ಮತವನ್ನೂ ಕೇಳುವುದಿಲ್ಲ. ನಮ್ಮ ವಿದ್ಯಾರ್ಥಿ ಗೆಳೆಯನ ಮನೆಗೆ ಹೋದಾಗ ಬೇರುಗಡ್ಡೆ ಒಲ್ಲೆ, ಹೊತ್ತು ಮುಳುಗಿದ ಮೇಲೆ ಉಣ್ಣಲಾರೆ ಎಂದು ಹೇಳಬೇಕಾಗುತ್ತದೆ. ಅದನ್ನು ಹೇಳುವ ಬಗೆಯಲ್ಲಿಯೇ ಅವನ ಧರ್ಮವೆಲ್ಲ ಗೊತ್ತಾಗಿಬಿಡುತ್ತದೆ. ಆ ಮನೆಯ ತಾಯಿ ಇವನಿಗಾಗಿ ಹೊಸ ಪಾತ್ರೆ ತೊಳೆದು ಹಾಲು ಕಾಯಿಸಿ ಕೊಟ್ಟರೆ, ಅದನ್ನು ತನ್ನ ಹಕ್ಕೆಂದು ಕುಡಿಯಬಾರದು. ಅವಳ ಶ್ರಮವೂ ‘ಅವಳದು’.

ಟ್ರಸ್ಟುಗಳ ಹಿರಿಯರಿಗೆ ಇನ್ನೆರಡು ಮಾತು. ಹಂಪಿಯ ರತ್ನಕೂಟದ ಮೇಲೆ 1960ರ ದಶಕದಲ್ಲಿ ಸಹಜಾನಂದಘನಜಿಯವರು ನೆಲೆಗೊಳಿಸಿದ ಶ್ರೀಮದ್ ರಾಜಚಂದ್ರ ಆಶ್ರಮವಿರುವುದು ವಿರೂಪಾಕ್ಷನ ನೆರೆಯಲ್ಲಿಯೇ. ಅನ್ಯಮತದ ನೆರೆಯಲ್ಲಿ ನಮ್ಮ ಆಚಾರ ಕರಗಿಹೋಗುವುದೆಂಬ ಭಯಕ್ಕೆ ಕಾರಣವಿಲ್ಲ. ಧರ್ಮಶಾಲೆಯನ್ನು ಕೊಡುವಾಗ ನಿಯಮಗಳನ್ನು ಬರೆದು ಕೊಡಬೇಕು, ಬಾಯಿಮಾತಿನಲ್ಲಿ ಬಿಡಬಾರದು. ಮದ್ಯಮಾಂಸ ಸಲ್ಲದು, ಒಲೆ ಸಂಜೆಗೆ ಆರುತ್ತದೆ, ಗುಡಿಸುವುದು, ಪಾತ್ರೆ ತೊಳೆಯುವುದು ಬಂದವರದೇ ಕೆಲಸ. ಅಡುಗೆಯಮ್ಮನನ್ನು ಮೊದಲು ಕೇಳಬೇಕು, ಹೆಚ್ಚಿನ ದಿನಗಳ ಕೂಲಿಯನ್ನು ಮೊದಲೇ ಎತ್ತಿಡಬೇಕು. ದಾಖಲೆಯ ಪುಸ್ತಕದಲ್ಲಿ ಮತದ ಅಂಕಣ ಬೇಡ. ಉಗ್ರಾಣದ ಬೀಗದ ಕೈಯನ್ನು ಬೇರೆ ಮತದ ವಿದ್ಯಾರ್ಥಿಯೊಬ್ಬನ ಕೈಗೆ ಕೊಟ್ಟು, ಲೆಕ್ಕ ಬರೆಯುವುದನ್ನು ನಮ್ಮ ಹುಡುಗಿಗೆ ಒಪ್ಪಿಸಿ ನೋಡಬಹುದು. ತಾತಯ್ಯನ ಕೈಗೆ ಜೈನರ ಹಣವನ್ನು ಕೊಟ್ಟವರ ವಂಶದವರು ನಾವು.

ಕೆಲಸಕ್ಕೇನೂ ಕೊರತೆಯಿಲ್ಲ. ಗಾಣಗಿತ್ತಿ ಜಿನಾಲಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅದಕ್ಕೆ ಸುಣ್ಣ ಬಳಿಯುವಂತಿಲ್ಲ, ಬಳಿಯಲೂಬಾರದು. ಆದರೆ ಹಂಪಿಯ ದಾರಿಯಲ್ಲಿ ಚೈತ್ರದ ರಥೋತ್ಸವದ ಹೊತ್ತಿಗೆ ಒಂದು ಅರವಟ್ಟಿಗೆಯನ್ನು ನಾಲ್ಕು ಊರುಗಳ ವಿದ್ಯಾರ್ಥಿಗಳೇ ನಡೆಸಬಹುದು. ದಿನಕ್ಕೆ ಎಷ್ಟು ಕೊಡ ನೀರು ಬೇಕು, ಎಲ್ಲಿಂದ ತರಬೇಕು, ಬಟ್ಟೆಯಲ್ಲಿ ಸೋಸುವವರು ಯಾರು, ಸೋಸಿದ ಬಟ್ಟೆಯನ್ನು ಮರಳಿ ನೀರಿನ ಮೂಲದಲ್ಲಿಯೇ ಜಾಡಿಸಬೇಕೆಂಬುದನ್ನು ಹೊಸಬರಿಗೆ ಹೇಳಿಕೊಡುವವರು ಯಾರು, ಇವನ್ನೆಲ್ಲ ಶಿಬಿರದ ಮೊದಲ ದಿನವೇ ಗೊತ್ತುಮಾಡಿಕೊಳ್ಳಬೇಕು. ಆ ಬಿಸಿಲಿನಲ್ಲಿ ಅದು ಸಣ್ಣ ಲೆಕ್ಕವಲ್ಲ.